ಕಾಡಿನಲ್ಲಿ ಕೈಕೊಡದ ಚಾಕು: ಆಯ್ಕೆಗೆ ಮುನ್ನ ತಿಳಿಯಬೇಕಾದುದು

ಮಳೆಗಾಲದ ಕಾಡಿನಲ್ಲಿ ದಾರಿ ತಪ್ಪಿದವನಿಗೆ ಚಾಕುವಿನಷ್ಟು ಬಗೆಬಗೆಯ ಕೆಲಸಕ್ಕೆ ಒದಗುವ ಸಾಧನ ಬೇರೊಂದಿಲ್ಲ. ಒದ್ದೆಯಾದ ಕೊಂಬೆಯನ್ನು ಸೀಳಿ ಒಳಗಿನ ಒಣ ಭಾಗವನ್ನು ಹೊರತೆಗೆಯುವುದು, ಹಗ್ಗ ಕತ್ತರಿಸುವುದು, ಗೂಟ ಚೂಪು ಮಾಡುವುದು, ಗಾಯಕ್ಕೆ ಕಟ್ಟಲು ಬಟ್ಟೆಯನ್ನು ಪಟ್ಟಿಯಾಗಿ ಸೀಳುವುದು, ಆಹಾರ ಸಿದ್ಧಪಡಿಸುವುದು ಇವೆಲ್ಲವೂ ಒಂದೇ ಅಲಗಿನಿಂದ ಆಗಬೇಕಾದ ಕೆಲಸಗಳು. ಅಂತಹ ಹೊತ್ತಿನಲ್ಲಿ ಚಾಕು ಹಿಡಿಯ ಬುಡದಲ್ಲಿ ಮುರಿದರೆ ಬೆಂಕಿಯೂ ಇಲ್ಲ, ಆಸರೆಯೂ ಇಲ್ಲ. ಮೇಲಾಗಿ ಕೈಗೆ ಆಳವಾದ ಗಾಯವೂ ಆಗಬಹುದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಣ್ಸೆಳೆಯುವ ಚಾಕುವಿಗೂ ಕಾಡಿನಲ್ಲಿ ಕೆಲಸಕ್ಕೆ ಬರುವ ಚಾಕುವಿಗೂ ಇರುವ ಅಂತರ ಬಹುಪಾಲು ಕಣ್ಣಿಗೆ ಕಾಣದ ಭಾಗಗಳಲ್ಲಿರುತ್ತದೆ. ಆ ಭಾಗಗಳನ್ನು ಅರಿತು ಕೊಳ್ಳುವವನಿಗೆ ದುಬಾರಿ ಚಾಕುವಿನ ಅಗತ್ಯವೇ ಬೀಳದು.

ಮಡಚುವ ಚಾಕು ಏಕೆ ಸಾಲದು?

ಜೇಬಿನಲ್ಲಿ ಹಿಡಿಸುವ ಮಡಚುವ ಚಾಕು ದಿನನಿತ್ಯದ ಸಣ್ಣ ಕೆಲಸಗಳಿಗೆ ಅನುಕೂಲಕರ. ಆದರೆ ಅದರ ಅಲಗು ಹಿಡಿಗೆ ಸೇರುವುದು ಒಂದು ಸಣ್ಣ ಕೀಲಿನ ಮೂಲಕ. ಒತ್ತಡ, ತಿರುಚುವಿಕೆ, ಹೊಡೆತ ಎಲ್ಲವೂ ಆ ಕೀಲಿನ ಮೇಲೆಯೇ ಬೀಳುತ್ತವೆ. ಕೆಸರು, ಮರಳು ಸೇರಿಕೊಂಡರೆ ಕೀಲು ಬಿಗಿಯುತ್ತದೆ. ಅಲಗನ್ನು ತೆರೆದಿಡುವ ತಡೆ ಜಾರಿದರೆ ಅಲಗು ಬೆರಳುಗಳ ಮೇಲೆಯೇ ಮಡಚಿಕೊಳ್ಳುತ್ತದೆ. ಮಡಚದ ಚಾಕುವಿನಲ್ಲಿ ಚಲಿಸುವ ಭಾಗಗಳಿಲ್ಲ. ತೊಳೆಯುವುದು ಸುಲಭ, ಒಂದೇ ಕೈಯಿಂದ ಒರೆಯಿಂದ ಹೊರತೆಗೆಯಬಹುದು. ಕಾಡಿನ ಕೆಲಸಕ್ಕೆ ಮಡಚದ ಅಲಗನ್ನೇ ಅನುಭವಿಗಳು ಆರಿಸುವುದಕ್ಕೆ ಕಾರಣ ಇದು.

ಹಿಡಿಯೊಳಗೆ ಅಡಗಿರುವ ಉಕ್ಕು

ಚಾಕುವಿನ ಗಟ್ಟಿತನವನ್ನು ನಿರ್ಧರಿಸುವ ಮೊದಲ ಅಂಶ ಹೊರಗಿನ ಅಲಗಲ್ಲ, ಹಿಡಿಯೊಳಗೆ ಹೋಗುವ ಅದರ ಮುಂದುವರಿದ ಭಾಗ. ಇದಕ್ಕೆ ಟ್ಯಾಂಗ್ ಎಂದು ಹೆಸರು. ಅಲಗಿನ ಉಕ್ಕು ಹಿಡಿಯ ಪೂರ್ಣ ಉದ್ದಕ್ಕೂ ಪೂರ್ಣ ಅಗಲಕ್ಕೂ ಚಾಚಿಕೊಂಡಿದ್ದು, ಅದರ ಎರಡೂ ಬದಿಗೆ ಮರ ಅಥವಾ ಇತರ ವಸ್ತುವಿನ ಪಟ್ಟಿಗಳನ್ನು ಮೊಳೆಯಿಂದ ಕೂರಿಸಿದ್ದರೆ ಅದು ಪೂರ್ಣ ಟ್ಯಾಂಗ್. ಹಿಡಿಯ ಪಟ್ಟಿಗಳು ಕಳಚಿ ಬಿದ್ದರೂ ಉಳಿದ ಉಕ್ಕಿಗೆ ಬಟ್ಟೆಯನ್ನೋ ಹಗ್ಗವನ್ನೋ ಸುತ್ತಿ ಕೆಲಸ ಮುಂದುವರಿಸಬಹುದು. ತಿಳಿಯದ ತಯಾರಕರಿಂದ ಕೊಳ್ಳುವವನಿಗೆ ಇದೇ ಕ್ಷೇಮಕರ ಆಯ್ಕೆ.

ಹಾಗೆಂದು ಕಿರಿದಾದ ಟ್ಯಾಂಗ್ ಇರುವ ಚಾಕುಗಳೆಲ್ಲ ದುರ್ಬಲವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ನೌಕಾಪಡೆಯ ಮರೀನ್ ಸೈನಿಕರು 1942ರಿಂದ ಬಳಸತೊಡಗಿದ, ‘ಕಾ-ಬಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ 7 ಇಂಚಿನ ಅಲಗಿನ ಚಾಕುವಿನಲ್ಲಿ ಇರುವುದು ಕಿರಿದಾದ ಟ್ಯಾಂಗೇ. ಚರ್ಮದ ಬಿಲ್ಲೆಗಳನ್ನು ಅದಕ್ಕೆ ಪೋಣಿಸಿ ಒತ್ತಿ ಹಿಡಿಯನ್ನು ರೂಪಿಸಲಾಗಿದೆ. ಟ್ಯಾಂಗ್ ಹಿಡಿಯ ತುದಿಯವರೆಗೆ ಹೋಗಿ ಅಲ್ಲಿ ಲೋಹದ ಗುಬುಟಿಗೆ ಬಿಗಿಯಲ್ಪಟ್ಟಿರುವುದು ಅದರ ಬಲದ ಗುಟ್ಟು.

ದೂರವಿಡಬೇಕಾದುದು ಟೊಳ್ಳು ಹಿಡಿಯ ಅಗ್ಗದ ಚಾಕು. 1982ರಲ್ಲಿ ತೆರೆಕಂಡ ‘ಫಸ್ಟ್ ಬ್ಲಡ್’ ಚಲನಚಿತ್ರದಲ್ಲಿ ನಾಯಕ ರ್ಯಾಂಬೊ ಹಿಡಿದಿದ್ದ ಚಾಕುವನ್ನು ಜಿಮ್ಮಿ ಲೈಲ್ ಎಂಬ ನುರಿತ ಕುಶಲಕರ್ಮಿ ತಯಾರಿಸಿದ್ದರು. ಅದರ ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಸೂಜಿ, ದಾರಗಳನ್ನು ಇರಿಸುವ ವ್ಯವಸ್ಥೆಯಿತ್ತು. ಚಿತ್ರದ ಯಶಸ್ಸಿನ ಬೆನ್ನಿಗೇ ಅದರ ಅಗ್ಗದ ನಕಲುಗಳು ಮಾರುಕಟ್ಟೆಯನ್ನು ತುಂಬಿದವು. ಈ ನಕಲುಗಳಲ್ಲಿ ಅಲಗು ಹಿಡಿಯ ಬಾಯಿಯ ಬಳಿಯೇ ಮುಗಿದು, ಒಂದು ಸಣ್ಣ ಬೋಲ್ಟಿನ ಆಧಾರದಲ್ಲಿ ನಿಂತಿರುತ್ತದೆ. ನಾಲ್ಕು ಹೊಡೆತ ಬೀಳುತ್ತಲೇ ಅಲಗು ಅಲುಗಾಡತೊಡಗುತ್ತದೆ. ಬೆಂಕಿಕಡ್ಡಿಗೆ ಚೀಲದಲ್ಲಿ ಬೇರೆಡೆ ಸ್ಥಳವಿದೆ. ಹಿಡಿಯೊಳಗೆ ಇರಬೇಕಾದುದು ಉಕ್ಕು.

ಉದ್ದ, ದಪ್ಪ ಮತ್ತು ಮೊನೆ

ದೊಡ್ಡ ಚಾಕು ಹೆಚ್ಚು ಉಪಯುಕ್ತವೆಂಬುದು ಸಾಮಾನ್ಯ ತಪ್ಪುಕಲ್ಪನೆ. ಕಾಡಿನಲ್ಲಿ ಚಾಕು ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಸಣ್ಣವೇ. ಅಲಗು 10ರಿಂದ 13 ಸೆಂಟಿಮೀಟರ್ ಇದ್ದರೆ ಸೂಕ್ಷ್ಮವಾದ ಹೆರೆತಕ್ಕೂ ಹಿಡಿತ ಸಿಗುತ್ತದೆ. ಮಣಿಕಟ್ಟಿನಷ್ಟು ದಪ್ಪದ ಕೊಂಬೆಯನ್ನೂ ಸೀಳಬಹುದು. ಸೀಳುವ ಕ್ರಮ ಹೀಗೆ: ಗಂಟಿಲ್ಲದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಅಲಗನ್ನು ಅದರ ತಲೆಯ ಮೇಲಿಟ್ಟು, ಅಲಗಿನ ಬೆನ್ನಿಗೆ ಮತ್ತೊಂದು ಮರದ ತುಂಡಿನಿಂದ ಹೊಡೆಯುವುದು. ಇದಕ್ಕೆ ಅಲಗಿನ ಮೊನೆ ಕೊಂಬೆಯಿಂದ ಒಂದೆರಡು ಸೆಂಟಿಮೀಟರಾದರೂ ಹೊರಗೆ ಚಾಚಿರಬೇಕು. ಕಲ್ಲಿನಿಂದಾಗಲಿ ಕಬ್ಬಿಣದಿಂದಾಗಲಿ ಹೊಡೆಯಬಾರದು.

ದಪ್ಪ 3ರಿಂದ 4 ಮಿಲಿಮೀಟರ್ ಇದ್ದರೆ ಸಾಕು. ಅದಕ್ಕಿಂತ ತೆಳ್ಳಗಿದ್ದರೆ ಸೀಳುವಾಗ ಬಾಗುವ ಭಯ. 5 ಮಿಲಿಮೀಟರಿಗಿಂತ ದಪ್ಪವಾದರೆ ಭಾರ ಹೆಚ್ಚಿ, ಅಲಗು ಕೊಯ್ಯುವ ಬದಲು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಮೊನೆ ಅಲಗಿನ ಬೆನ್ನಿನಿಂದ ಸೌಮ್ಯವಾಗಿ ಇಳಿದು ಬಂದಿರುವ ಆಕಾರ ಎಲ್ಲ ಕೆಲಸಕ್ಕೂ ಒಗ್ಗುತ್ತದೆ. ಸೂಜಿಯಂತೆ ತೆಳುವಾದ ಮೊನೆ ಮರದಲ್ಲಿ ಸಿಕ್ಕಿ ತುಂಡಾಗುವುದುಂಟು. ಎರಡೂ ಬದಿ ಹರಿತವಿರುವ ಕಠಾರಿ ಇರಿತದ ಆಯುಧವೇ ಹೊರತು ಕೆಲಸದ ಸಾಧನವಲ್ಲ. ಅದರ ಬೆನ್ನಿಗೆ ಹೆಬ್ಬೆರಳನ್ನು ಒತ್ತಲೂ ಆಗದು, ಮರದಿಂದ ಹೊಡೆಯಲೂ ಆಗದು. ಬೆನ್ನಿನ ಮೇಲೆ ಕೆತ್ತಿದ ಗರಗಸದ ಹಲ್ಲುಗಳು ಬಹುಮಟ್ಟಿಗೆ ಅಲಂಕಾರ ಮಾತ್ರ. ಮರ ಕೊಯ್ಯಬೇಕಾದಲ್ಲಿ ಮಡಚುವ ಸಣ್ಣ ಗರಗಸವನ್ನು ಬೇರೆಯಾಗಿ ಒಯ್ಯುವುದು ಒಳಿತು.

ಅಲಗಿನ ಬೆನ್ನು ನೇರ ಕೋನದಲ್ಲಿ ಚೌಕವಾಗಿದ್ದರೆ ಇನ್ನೊಂದು ಪ್ರಯೋಜನವಿದೆ. ಫೆರೊಸೀರಿಯಂ ಕಡ್ಡಿಯನ್ನು ಆ ಅಂಚಿನಿಂದ ಗೀರಿದರೆ ಪ್ರಖರವಾದ ಕಿಡಿಗಳು ಹಾರುತ್ತವೆ. 1903ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಕಂಡುಹಿಡಿದ ಈ ಮಿಶ್ರಲೋಹವೇ ಸಿಗರೇಟು ಲೈಟರಿನ ‘ಕಲ್ಲು’. ನೀರಿನಲ್ಲಿ ನೆನೆದರೂ ಒರೆಸಿ ಗೀರಿದರೆ ಕಿಡಿ ಹಾರುವುದರಿಂದ ಮಳೆಯ ನಾಡಿಗೆ ಇದು ಬೆಂಕಿಕಡ್ಡಿಗಿಂತ ನಂಬಿಕಸ್ಥ ಸಂಗಾತಿ.

ಉಕ್ಕು ಮತ್ತು ಹದ

ಚಾಕುವಿನ ಉಕ್ಕುಗಳನ್ನು ಸ್ಥೂಲವಾಗಿ ಎರಡು ವರ್ಗವಾಗಿ ವಿಂಗಡಿಸಬಹುದು. ಮೊದಲನೆಯದು ಇಂಗಾಲ ಹೆಚ್ಚಿರುವ ಸಾದಾ ಉಕ್ಕು. 1095 ಎಂದು ಗುರುತಿಸಲ್ಪಡುವ, ಶೇಕಡಾ 0.95ರಷ್ಟು ಇಂಗಾಲವುಳ್ಳ ಉಕ್ಕು ಇದಕ್ಕೆ ಉದಾಹರಣೆ. ಇದು ಹೊಡೆತ ತಾಳುತ್ತದೆ, ಸಾದಾ ಸಾಣೆಕಲ್ಲಿನಲ್ಲಿಯೂ ಬೇಗ ಹರಿತವಾಗುತ್ತದೆ. ತುಕ್ಕು ಹಿಡಿಯುವುದು ಇದರ ದೋಷ. ಎರಡನೆಯದು ಸ್ಟೇನ್‌ಲೆಸ್ ಉಕ್ಕು. ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇದ್ದಲ್ಲಿ ಮಾತ್ರ ಉಕ್ಕಿಗೆ ಈ ಹೆಸರು ಸಲ್ಲುತ್ತದೆ. ಸ್ವೀಡನ್ ಮೂಲದ 12ಸಿ27 ಉಕ್ಕಿನಲ್ಲಿ ಶೇಕಡಾ 0.6ರಷ್ಟು ಇಂಗಾಲವೂ 13.5ರಷ್ಟು ಕ್ರೋಮಿಯಮ್ಮೂ ಇದ್ದು, ಹರಿತ ಹಾಗೂ ತುಕ್ಕುನಿರೋಧ ಎರಡನ್ನೂ ಸಮತೂಕದಲ್ಲಿ ಕೊಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂತಹ ಪ್ರದೇಶದಲ್ಲಿ ಅಥವಾ ಉಪ್ಪುಗಾಳಿಯ ಕರಾವಳಿಯಲ್ಲಿ ಬಳಸುವವರಿಗೆ ಇಂತಹ ಸ್ಟೇನ್‌ಲೆಸ್ ಉಕ್ಕು ಅನುಕೂಲಕರ.

ಪೆಟ್ಟಿಗೆಯ ಮೇಲೆ ಬರಿದೇ ‘ಸ್ಟೇನ್‌ಲೆಸ್’ ಎಂದಷ್ಟೇ ಬರೆದಿದ್ದರೆ ಅದು ಉಕ್ಕಿನ ಹೆಸರಲ್ಲ. ತನ್ನ ಉಕ್ಕು ಯಾವುದೆಂದು ಹೇಳದ ತಯಾರಕನ ಚಾಕುವನ್ನು ಅನುಮಾನದಿಂದಲೇ ನೋಡಬೇಕು. ಅಲೆಯಲೆಯಾದ ಗೆರೆಗಳಿರುವ ‘ಡಮಾಸ್ಕಸ್’ ಚಾಕುಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪ್ರಾಚೀನ ಡಮಾಸ್ಕಸ್ ಖಡ್ಗಗಳಿಗೆ ಹೆಸರಾದ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕಿಗೆ ಸಂಬಂಧಿಸಿದುದು. ಆ ಉಕ್ಕಿಗೆ ಇಂಗ್ಲಿಷಿನಲ್ಲಿ ನಿಂತ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದುದೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಇಂದು ಮಾರಾಟವಾಗುವುದು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ತೆಗೆದ ವಿನ್ಯಾಸ. ಗೆರೆಗಳ ಚೆಲುವಿಗೂ ಅಲಗಿನ ಬಾಳಿಕೆಗೂ ನೇರ ಸಂಬಂಧವಿಲ್ಲ.

ಉಕ್ಕಿನ ಹೆಸರಿಗಿಂತಲೂ ಮುಖ್ಯವಾದುದು ಅದಕ್ಕೆ ಕೊಟ್ಟ ಹದ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ತಟ್ಟನೆ ತಣಿಸಿದಾಗ ಅದು ಗಾಜಿನಂತೆ ಕಠಿಣವೂ ಬಿರುಸೂ ಆಗುತ್ತದೆ. ಬಳಿಕ ಹಿತಮಿತವಾದ ಶಾಖದಲ್ಲಿ ಮತ್ತೆ ಕಾಯಿಸಿದಾಗ ಬಿರುಸು ತಗ್ಗಿ ತಾಳಿಕೆ ಬರುತ್ತದೆ. ಕಾಡಿನ ಚಾಕುವಿಗೆ ರಾಕ್‌ವೆಲ್ ಮಾಪನದಲ್ಲಿ 56ರಿಂದ 59ರಷ್ಟು ಕಾಠಿಣ್ಯ ಸೂಕ್ತ. ಅದಕ್ಕಿಂತ ಕಡಿಮೆಯಾದರೆ ಬಾಯಿ ಮಡಚಿಕೊಳ್ಳುತ್ತದೆ, ತೀರ ಹೆಚ್ಚಾದರೆ ಚಕ್ಕೆ ಏಳುತ್ತದೆ. ಊರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಡುವ ಕತ್ತಿಗಳು ದಶಕಗಟ್ಟಲೆ ಬಾಳುವುದು ಈ ಹದದ ಜ್ಞಾನದಿಂದಲೇ. ಒಲೆಯ ಕೆಂಡದಲ್ಲಿ ಅಲಗನ್ನು ತೂರಿಸಿ ಕೆದಕುವವನು ಆ ಹದವನ್ನು ತನ್ನ ಕೈಯಾರೆ ಕೆಡಿಸಿಕೊಳ್ಳುತ್ತಾನೆ.

ಬಾಯಿಯ ಇಳಿಜಾರು

ಅಲಗಿನ ಪಾರ್ಶ್ವಗಳು ಬಾಯಿಯತ್ತ ಇಳಿಯುವ ರೀತಿಯೂ ಗಮನಾರ್ಹ. ಸ್ವೀಡನ್, ಫಿನ್ಲೆಂಡ್ ದೇಶಗಳ ಚಾಕುಗಳಲ್ಲಿ ಅಲಗಿನ ಕೆಳಭಾಗದಿಂದ ಬಾಯಿಯವರೆಗೆ ಒಂದೇ ಅಗಲವಾದ ಇಳಿಜಾರು ಇರುತ್ತದೆ. ಮರ ಹೆರೆಯುವುದಕ್ಕೆ ಇದು ಅತ್ಯುತ್ತಮ. ಮಸೆಯುವಾಗ ಆ ಇಳಿಜಾರನ್ನೇ ಕಲ್ಲಿಗೆ ಒರಗಿಸಿದರೆ ಕೋನ ತಾನಾಗಿ ಸರಿಯಾಗುವುದರಿಂದ ಹೊಸಬರಿಗೂ ಸುಲಭ. ಬೆನ್ನಿನಿಂದ ಬಾಯಿಯವರೆಗೆ ಸಮತಟ್ಟಾಗಿ ಇಳಿಯುವ ಅಲಗು ಅಡುಗೆಗೂ ಕಾಡಿನ ಕೆಲಸಕ್ಕೂ ಹೊಂದುತ್ತದೆ. ಉಬ್ಬಿದ ಇಳಿಜಾರು ಕಡಿಯುವ, ಸೀಳುವ ಹೊಡೆತವನ್ನು ಚೆನ್ನಾಗಿ ತಾಳುತ್ತದೆ. ಒಳಕ್ಕೆ ತಗ್ಗಿದ ಇಳಿಜಾರಿನಲ್ಲಿ ಬಾಯಿ ಬಲು ತೆಳುವಾಗುವುದರಿಂದ ಒರಟು ಕೆಲಸಕ್ಕೆ ಅದು ತಕ್ಕುದಲ್ಲ.

ಸ್ವೀಡನ್ನಿನ ಮೋರಾ ಪಟ್ಟಣದಲ್ಲಿ 1891ರಿಂದ ಬೆಳೆದುಬಂದ ಚಾಕು ಉದ್ಯಮ ಇಲ್ಲಿ ಒಳ್ಳೆಯ ನಿದರ್ಶನ. ಅಲ್ಲಿನ ‘ಕಂಪ್ಯಾನಿಯನ್’ ಚಾಕುವಿನ ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, 2.5 ಮಿಲಿಮೀಟರ್ ದಪ್ಪ. ಟ್ಯಾಂಗ್ ಹಿಡಿಯ ತುದಿಯವರೆಗೆ ಹೋಗುವುದಿಲ್ಲ. ಆದರೂ ಬಡಗಿಗಳು, ರೈತರು, ಶಿಬಿರಾರ್ಥಿಗಳು ಇದನ್ನು ನೆಚ್ಚಿಕೊಂಡಿದ್ದಾರೆ. ಹೆರೆಯುವ, ಕೊಯ್ಯುವ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಮರ ಸೀಳುವ ಕೆಲಸವೂ ಇರುವವರಿಗಾಗಿ ಅದೇ ಸಂಸ್ಥೆ ಪೂರ್ಣ ಟ್ಯಾಂಗ್ ಹಾಗೂ 3.2 ಮಿಲಿಮೀಟರ್ ದಪ್ಪದ ‘ಗಾರ್ಬರ್ಗ್’ ಎಂಬ ಚಾಕುವನ್ನು ತಯಾರಿಸುತ್ತದೆ. ಯಾವ ಕೆಲಸಕ್ಕೆ ಎಂಬುದು ತೀರ್ಮಾನವಾದ ಮೇಲೆಯೇ ಯಾವ ಚಾಕು ಎಂಬ ಪ್ರಶ್ನೆ ಎಂಬುದಕ್ಕೆ ಈ ಎರಡು ಮಾದರಿಗಳೇ ಸಾಕ್ಷಿ.

ಹಿಡಿ ಮತ್ತು ಒರೆ

ಹಿಡಿ ಅಂಗೈಯ ಅಗಲಕ್ಕಿಂತ ತುಸು ಉದ್ದವಿರಬೇಕು. ಸಾಮಾನ್ಯ ಕೈಗೆ 11ರಿಂದ 12 ಸೆಂಟಿಮೀಟರ್ ಸರಿಹೊಂದುತ್ತದೆ. ಅಡ್ಡಕೊಯ್ತದಲ್ಲಿ ಅದು ಮೊಟ್ಟೆಯಾಕಾರವಾಗಿದ್ದರೆ ಕತ್ತಲಲ್ಲಿಯೂ ಬಾಯಿ ಯಾವ ಕಡೆಗಿದೆ ಎಂಬುದು ಕೈಗೆ ತಿಳಿಯುತ್ತದೆ. ಬೆರಳುಗಳಿಗೆಂದು ಆಳವಾದ ಕಚ್ಚುಗಳಿರುವ ಹಿಡಿ ನೋಡಲು ಹಿತವೆನಿಸಿದರೂ ಆ ಕಚ್ಚುಗಳು ಎಲ್ಲರ ಬೆರಳಿಗೂ ಹೊಂದುವುದಿಲ್ಲ. ಅರ್ಧ ಗಂಟೆಯ ಕೆಲಸಕ್ಕೇ ಬೊಬ್ಬೆ ಏಳುತ್ತದೆ. ಬರಿದೇ ಹಗ್ಗ ಸುತ್ತಿದ ಹಿಡಿಯದೂ ಅದೇ ಕಥೆ. ಒದ್ದೆಯಾದರೆ ಬೇಗ ಒಣಗುವುದೂ ಇಲ್ಲ. ಕೈ ಒದ್ದೆಯಾಗಿದ್ದಾಗ ಬೆರಳು ಅಲಗಿನತ್ತ ಜಾರದಂತೆ ಹಿಡಿಯ ಮುಂತುದಿಯಲ್ಲಿ ಸಣ್ಣ ಉಬ್ಬು ಅಥವಾ ತಡೆ ಇರುವುದು ಅವಶ್ಯ.

ಒರೆಯನ್ನು ಕೊಳ್ಳುವವರು ಕಡೆಗಣಿಸುವುದೇ ಹೆಚ್ಚು. ಚಾಕುವನ್ನು ಒರೆಯಲ್ಲಿಟ್ಟು ತಲೆಕೆಳಗು ಮಾಡಿ ಮೆಲ್ಲಗೆ ಅಲುಗಾಡಿಸಿದಾಗ ಅದು ಜಾರಿ ಬೀಳಬಾರದು. ಗುಡ್ಡವೇರುವಾಗ ಜಾರಿಬಿದ್ದವನ ಒರೆಯನ್ನು ಸೀಳಿಕೊಂಡು ಮೊನೆ ತೊಡೆಗೆ ನಾಟದಂತೆ ಒರೆಯ ತುದಿ ಗಟ್ಟಿಯಾಗಿರಬೇಕು. ಚರ್ಮದ ಒರೆ ಚೆಲುವಾದರೂ ಮಳೆಗಾಲದಲ್ಲಿ ತೇವ ಹಿಡಿದಿಟ್ಟು ಅಲಗಿಗೆ ತುಕ್ಕು ತರುತ್ತದೆ, ಬೂಸ್ಟು ಕಟ್ಟುತ್ತದೆ. ಕೆಳತುದಿಯಲ್ಲಿ ನೀರು ಸೋರಿಹೋಗಲು ರಂಧ್ರವಿರುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಘಟ್ಟಪ್ರದೇಶಕ್ಕೆ ಹೆಚ್ಚು ಯೋಗ್ಯ.

ಊರಿನ ಕತ್ತಿಯ ಸ್ಥಾನ

ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಕೆಲಸಗಾರರು ಸೊಂಟದ ಹಿಂಬದಿಗೆ ಕೊಕ್ಕೆಯಲ್ಲಿ ತೂಗುಹಾಕಿಕೊಳ್ಳುವ ಕತ್ತಿ ಈ ನೆಲದ ಮಡಚದ ಅಲಗು. ಪೊದೆ ಸವರುವುದು, ಸೊಪ್ಪು ಕಡಿಯುವುದು, ಕಾಯಿ ಕೆತ್ತುವುದು ಮುಂತಾದ ಕೆಲಸಗಳಲ್ಲಿ ಯಾವ ವಿದೇಶಿ ಚಾಕುವೂ ಅದಕ್ಕೆ ಸಮವಲ್ಲ. ನೇಪಾಳದ ಖುಕ್ರಿಯಲ್ಲಿಯೂ ಭಾರ ಮುಂಭಾಗಕ್ಕೆ ಸರಿದಿದ್ದು, ಕಡಿಯುವ ಹೊಡೆತಕ್ಕೆ ಬಲ ಕೂಡುತ್ತದೆ. ಸಣ್ಣ ಕೆಲಸಕ್ಕೆಂದು ಅದರ ಒರೆಯಲ್ಲಿಯೇ ‘ಕರ್ದಾ’ ಎಂಬ ಪುಟ್ಟ ಚಾಕುವನ್ನು ಇರಿಸುವ ರೂಢಿಯಿದೆ. ಈ ಜೋಡಿಯಲ್ಲಿ ವಿವೇಕವಿದೆ. ಕಡಿಯುವ ಕೆಲಸಕ್ಕೆ ಕತ್ತಿ, ಕೊಯ್ಯುವ ಕೆಲಸಕ್ಕೆ ಸಣ್ಣ ಚಾಕು ಎಂದು ಹಂಚಿಕೊಂಡರೆ ಒಂದೇ ದೊಡ್ಡ ಚಾಕುವಿನಿಂದ ಎಲ್ಲವನ್ನೂ ಮಾಡಹೊರಡುವ ಸಾಹಸ ಬೇಕಾಗದು.

ಕಾನೂನಿನ ಎಲ್ಲೆ

ಚಾಕು ಕೊಳ್ಳುವವರು ತಪ್ಪದೆ ಅರಿಯಬೇಕಾದ ವಿಷಯವಿದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾಗಿರುವ ಚಾಕು, ಕಠಾರಿ, ಖುಕ್ರಿ ಮೊದಲಾದವುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸಲಾಗಿದೆ. ಗೃಹ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಬಳಕೆಗಾಗಿ ರೂಪಿಸಿದವು ಇದರಿಂದ ಹೊರತು. ತೋಟದ ಕತ್ತಿಗೆ ಇರುವ ಈ ವಿನಾಯಿತಿ ಹೋರಾಟದ ಚಾಕುವಿಗಿಲ್ಲ. 13 ಸೆಂಟಿಮೀಟರಿನ ಅಲಗು ಈ ಮಿತಿಯೊಳಗೇ ಇರುತ್ತದೆ. ಆದರೂ ಚುನಾವಣೆ, ಗಲಭೆಗಳ ಸಂದರ್ಭದಲ್ಲಿ ಹೊರಡಿಸುವ ನಿಷೇಧಾಜ್ಞೆಗಳು ಹರಿತವಾದ ಯಾವುದೇ ಸಾಧನವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದನ್ನು ತಡೆಯಬಲ್ಲವು. ವಿಮಾನಯಾನದಲ್ಲಿ ಇಂತಹ ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಚಾರಣಿಗರಿಗೆ ಇನ್ನೂ ಮುಖ್ಯವಾದುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಆಯುಧ’ ಎಂಬ ಪದ ಚಾಕುವನ್ನೂ ಒಳಗೊಂಡಿದೆ. ಅಧಿಕಾರಿಗಳ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಂದಿಗೆ ವನ್ಯಜೀವಿಧಾಮವನ್ನು ಪ್ರವೇಶಿಸುವುದನ್ನು 31ನೆಯ ಕಲಂ ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಿದೆ. ರಾಜ್ಯದ ಹೆಸರಾಂತ ಚಾರಣಪಥಗಳಿಗೆ ಚಾಕು ಒಯ್ಯುವ ಮುನ್ನ ಅರಣ್ಯ ಇಲಾಖೆಯನ್ನು ಕೇಳುವುದು, ಅನುಮತಿಯಿಲ್ಲದಿದ್ದಲ್ಲಿ ಮನೆಯಲ್ಲಿಯೇ ಬಿಟ್ಟುಹೋಗುವುದು ವಿಹಿತ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ ಅದೇ ಕಾಯ್ದೆಯಡಿ ಅಪರಾಧ.

ಬಳಕೆಯಲ್ಲಿ ಎಚ್ಚರ

ಚಾಕುವಿನಿಂದ ಆಗುವ ಅನಾಹುತಗಳು ಬಹುತೇಕ ಮೊಂಡು ಅಲಗಿನಿಂದಲೂ ತಪ್ಪು ಭಂಗಿಯಿಂದಲೂ ಆಗುವಂಥವು. ಮೊಂಡಾದ ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಬಲ ಹೆಚ್ಚಿದಷ್ಟೂ ಜಾರುವ ಸಂಭವ ಹೆಚ್ಚು. ಕುಳಿತು ಹೆರೆಯುವಾಗ ತೊಡೆಗಳ ನಡುವೆ ಅಲಗು ಆಡಬಾರದು. ಅಲ್ಲಿನ ದೊಡ್ಡ ರಕ್ತನಾಳ ಕೊಯ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು. ಮೊಣಕೈಯನ್ನು ಮಂಡಿಗೆ ಊರಿ, ದೇಹದಿಂದ ಹೊರಮುಖವಾಗಿ ಹೆರೆಯಬೇಕು. ತೋಳು ಚಾಚಿದಷ್ಟು ದೂರದೊಳಗೆ ಇನ್ನೊಬ್ಬರು ಇರಬಾರದು. ಆಳವಾದ ಗಾಯವಾದಲ್ಲಿ ಶುಚಿಯಾದ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿದು ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು.

ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ದು ವಿಷ ಹೊರತೆಗೆಯಬಹುದೆಂಬ ನಂಬಿಕೆ ಇಂದಿಗೂ ಅಳಿದಿಲ್ಲ. ಇದು ಅಪಾಯಕಾರಿ. ಕೊಯ್ದರೆ ವಿಷ ಹೊರಬಾರದು. ರಕ್ತಸ್ರಾವ ಮತ್ತು ಸೋಂಕು ಮಾತ್ರ ಹೆಚ್ಚುತ್ತವೆ. ಕಚ್ಚಿಸಿಕೊಂಡವರನ್ನು ನಡೆದಾಡಿಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ತಲುಪಿಸುವುದೊಂದೇ ದಾರಿ. ಹಾಗೆಯೇ ಆನೆ, ಕಾಟಿ, ಕರಡಿಗಳೆದುರು ಚಾಕು ರಕ್ಷಣೆ ನೀಡುತ್ತದೆಂಬುದೂ ಭ್ರಮೆ.

ಪಾಲನೆ

ಕೆಲಸ ಮುಗಿದೊಡನೆ ಅಲಗನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ಎಣ್ಣೆಯ ತೆಳುಲೇಪ ಕೊಡಬೇಕು. ಆಹಾರಕ್ಕೂ ಬಳಸುವ ಚಾಕುವಿಗೆ ತೆಂಗಿನೆಣ್ಣೆ ಸಾಕು. ಅಂಟು ಕಟ್ಟದಂತೆ ಆಗಾಗ ಒರೆಸಿ ಹೊಸದಾಗಿ ಹಚ್ಚಬೇಕು. ಬಹುಕಾಲ ಎತ್ತಿಡುವಾಗ ಚಾಕುವನ್ನು ಚರ್ಮದ ಒರೆಯಿಂದ ಹೊರಗಿಡುವುದು ಲೇಸು. ಮಸೆಯುವಾಗ ಕಲ್ಲನ್ನು ತೋಯಿಸಿ, ಆರಂಭದಿಂದ ಕೊನೆಯವರೆಗೆ ಒಂದೇ ಕೋನದಲ್ಲಿ ಅಲಗನ್ನು ನಡೆಸಬೇಕು. ಬಾಯಿಯ ಮತ್ತೊಂದು ಬದಿಯಲ್ಲಿ ಉಗುರಿಗೆ ತಾಕುವಷ್ಟು ಸಣ್ಣ ಸಿಬಿರು ಎದ್ದಾಗ ಬದಿ ಬದಲಿಸಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದರೆ ಸಿಬಿರು ಉದುರಿ ಹರಿತ ನಿಲ್ಲುತ್ತದೆ.

ಕೊಳ್ಳುವಾಗಿನ ಪರೀಕ್ಷೆ

ಅಂಗಡಿಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಗುಂಟ ನೋಡಿದರೆ ಅಲಗು ಮತ್ತು ಹಿಡಿ ಒಂದೇ ಗೆರೆಯಲ್ಲಿರಬೇಕು. ಬಾಯಿಯ ಇಳಿಜಾರು ಎರಡೂ ಕಡೆ ಸಮವಾಗಿರಬೇಕು. ಹಿಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಒರೆಯ ಹೊರಗಿನಿಂದ ಅಲಗನ್ನು ಅಲುಗಾಡಿಸಿದಾಗ ಎಲ್ಲಿಯೂ ಸಡಿಲ ಕಾಣಬಾರದು. ಹಿಡಿಯ ಪಟ್ಟಿ ಮತ್ತು ಉಕ್ಕಿನ ನಡುವೆ ನೀರು ಇಳಿಯುವಷ್ಟು ಸಂದು ಇರಬಾರದು. ಉಕ್ಕಿನ ಹೆಸರು, ಟ್ಯಾಂಗಿನ ಬಗೆ ಇವೆರಡನ್ನೂ ಮಾರಾಟಗಾರನಿಂದ ಕೇಳಿ ತಿಳಿಯಬೇಕು. ಉತ್ತರ ದೊರೆಯದಿದ್ದಲ್ಲಿ ಚಾಕುವನ್ನು ಅಲ್ಲಿಯೇ ಬಿಟ್ಟು ಬರುವುದು ಉತ್ತಮ.

ಕೊಂಡ ಬಳಿಕ ಕಾಡಿಗೆ ಹೋಗುವ ಮುನ್ನವೇ ಮನೆಯ ಹಿತ್ತಲಿನಲ್ಲಿ ಅದನ್ನು ದುಡಿಸಿ ನೋಡಬೇಕು. ಒಂದು ಗಂಟೆ ಮರ ಹೆರೆದು, ನಾಲ್ಕು ಕೊಂಬೆ ಸೀಳಿ, ಮೊಂಡಾದ ಬಾಯಿಯನ್ನು ಸ್ವತಃ ಮಸೆದು ಮತ್ತೆ ಹರಿತಕ್ಕೆ ತಂದುಕೊಳ್ಳಬೇಕು. ಆ ಒಂದು ದಿನದಲ್ಲಿ ಅಂಗೈಗೆ ಬೊಬ್ಬೆ ತರದ, ಬುಡದಲ್ಲಿ ಅಲುಗದ, ಒಡೆಯನ ಕೈಯಿಂದಲೇ ಹರಿತ ಪಡೆಯುವ ಚಾಕು, ಬೆಲೆ ಎಷ್ಟೇ ಕಡಿಮೆಯಿರಲಿ, ಆಪತ್ತಿನಲ್ಲಿಯೂ ನಂಬಬಹುದಾದ ಚಾಕು.